ವನಮಾಲಾ ಬಿಟ್ಟ ಮೂರು ಮರ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ಹಳದೀಪುರದಲ್ಲಿ ಮನೆಮನೆಗೂ ಸಕ್ಕರೆ ಹಂಚುತ್ತಾರೆ. ಜೂನ್ ಬಂತೆಂದರೆ ಪಾಸಾದ ಹುಡುಗಿಯರಲ್ಲಿ ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಾರೆ. ಕುಮಟೆಯ ಕಾಲೇಜಿಗೆ ಬಸ್ಸೇನೋ ಹೆಣ್ಣುಮಕ್ಕಳಿಗೆ ಪುಕ್ಕಟೆ. ಫೀಸು, ಪುಸ್ತಕ, ಲ್ಯಾಬಿನ ಬಿಳಿ ಕೋಟು ಪುಕ್ಕಟೆ ಬರುವುದಿಲ್ಲವಲ್ಲ!

ಇದಕ್ಕೊಂದು ದಾರಿ ಹುಡುಕಿದವಳು ಮಾಲಿನಿ. ಊರಲ್ಲಿ ದೇವರ ಹೆಸರಿಗೆ ತೆಂಗಿನಮರ ಬಿಡುವುದುಂಟು. ಬಿಟ್ಟ ಮರದ ಕಾಯಿಯನ್ನು ಮನೆಯವರು ಮುಟ್ಟುವ ಹಾಗಿಲ್ಲ. ಮಾಲಿನಿ ತೀರಿಹೋದ ಅತ್ತೆಯ ನೆನಪಿಗೆ ಎರಡು ಮರ ಬಿಟ್ಟಳು. ದೇವರಿಗಲ್ಲ, ದಿವ್ಯಶ್ರೀ ಎಂಬ ಬಡವರ ಮನೆಯ ಹುಡುಗಿಯ ಓದಿಗೆ. ಕಾಯಿ ಮಾರಿ ಬಂದದ್ದು ಪಂಚಾಯತಿ ಗ್ರಂಥಾಲಯದ ಹೇಮಾಳ ಕೈಯಿಂದ ನೇರ ಕಾಲೇಜಿಗೆ ಹೋಗುವ ಏರ್ಪಾಡಾಯಿತು. ಊರಿಗೆ ಊರೇ ಹೊಗಳಿತು. "ಸೊಸೆ ಅಂದ್ರೆ ಮಾಲಿನಿ ಹಾಂಗಿರ್ಬೇಕು!"

ಈ ಮಾತು ಕೇಳಿ ವನಮಾಲಾಳಿಗೆ ಮೈಯೆಲ್ಲ ಉರಿಯಿತು. ಅವಳು ಅದೇ ಅತ್ತೆಯ ಕಿರಿಯ ಸೊಸೆ. ಕೊನೆಗಾಲದಲ್ಲಿ ಗಂಜಿ ಕುಡಿಸಿದವಳು ಅವಳು, ಬೆನ್ನು ತಿಕ್ಕಿದವಳು ಅವಳು. ಹೆಸರು ಮಾತ್ರ ಮಾಲಿನಿಗೆ! ಅವತ್ತು ಅವಳಿಗೆ ಬಂಗಡೆ ಸಾರೂ ರುಚಿಸಲಿಲ್ಲ.

"ಅವ್ಳು ಎರಡು ಬಿಟ್ರೆ ನಾ ಮೂರು ಬಿಡ್ತೆ" ಎಂದು ಗಂಡ ವಿಶ್ವನಾಥನಿಗೆ ಹೇಳಿದಳು.

"ಓದಿಸೂಕೋ, ಅತ್ಗೆಗೆ ತೋರ್ಸೂಕೋ?"

"ಎಂತಕ್ಕಾದ್ರೂ ಆಗ್ಲಿ. ನಿಮ್ಗೆಂತ?"

ಯಾವ ಮೂರು? ವನಮಾಲಾ ತೋಟವೆಲ್ಲ ಸುತ್ತಿದಳು. ಬಾವಿಕಟ್ಟೆಯ ಮರಗಳು ವರ್ಷವಿಡೀ ಕಾಯಿ ಕೊಡುತ್ತವೆ, ಅವನ್ನು ಬಿಟ್ಟರೆ ಅಡುಗೆಗೆ ಏನು ಗತಿ? ಕೊನೆಗೆ ಗಜನಿ ಗದ್ದೆಯ ಅಂಚಿಗೆ ಬಂದಳು. ಸಮುದ್ರದ ಭರತ ಏರಿದಾಗ ಉಪ್ಪುನೀರು ನುಗ್ಗುವ ಜಾಗ ಅದು. ಅಲ್ಲಿಯ ಮೂರು ಮರಗಳಲ್ಲಿ ಮುಷ್ಟಿಯಷ್ಟು ಕಾಯಿ ಬಿಡುವುದೂ ಅಪರೂಪ. ಮರ ಮರವೇ, ಯಾರು ಹತ್ತಿ ನೋಡುತ್ತಾರೆ ಎಂದುಕೊಂಡಳು.

ಅತ್ತೆಯ ಹೆಸರಿಗೆ ಮೂರು ಮರ ಬಿಟ್ಟೆನೆಂದು ಅವಳು ಹೇಳಿದಾಗ ಶಾಲೆಯ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ತರಕಾರಿ ಮಾರುವ ಸಣ್ಣಮ್ಮನ ಮಗಳು ಗಾಯತ್ರಿ ವನಮಾಲಾಳ ಪಾಲಿಗೆ ಬಂದಳು. ಗಾಯತ್ರಿಗೆ ದಿವ್ಯಶ್ರೀಗಿಂತ ಹದಿನಾಲ್ಕು ಮಾರ್ಕು ಹೆಚ್ಚು! ವನಮಾಲಾಳಿಗೆ ಸ್ವರ್ಗ ಮೂರೇ ಗೇಣು. ದಿನಾ ಬೆಳಿಗ್ಗೆ ಹಾಲಿನ ನೆಪ ಮಾಡಿ ಹೆದ್ದಾರಿಗೆ ಹೋಗಿ, ಇಬ್ಬರೂ ಬಸ್ಸು ಹತ್ತುವುದನ್ನು ನೋಡಿ ಬರುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ದಿವ್ಯಶ್ರೀ ಒಬ್ಬಳೇ ಬಸ್ಸು ಹತ್ತಿದಳು. ವಾರ ಕಳೆದರೂ ಅಷ್ಟೇ. ವನಮಾಲಾ ಸೀದಾ ಗ್ರಂಥಾಲಯಕ್ಕೆ ನುಗ್ಗಿದಳು.

"ಎಂತದೇ ಹೇಮಾ ಇದು? ಮೂರು ಮೂರು ಮರ ಬಿಟ್ಟಿದ್ದೆ. ಹುಡ್ಗಿ ಕಾಲೇಜಿಗೇ ಹೋಗೂದಿಲ್ಲ! ಮಾಲಿನಿ ಎದ್ರಿಗೆ ನನ್ನ ಮರ್ಯಾದೆ ಎಂತ ಆಗ್ಬೇಕು?"

ಹೇಮಾ ಪುಸ್ತಕ ಮುಚ್ಚಿಟ್ಟಳು. "ಕಾಯಿ ಕೊಯ್ಯುವ ಶುಕ್ರ ನಿಮ್ಮ ಮೂರೂ ಮರ ಹತ್ತಿದ್ದ ಅಕ್ಕಾ. ಸಿಕ್ಕಿದ್ದು ಒಂಬತ್ತು. ಅದ್ರಲ್ಲೂ ನಾಕು ಪೊಳ್ಳು. ಮೊದಲ್ನೇ ಕಂತಿನ ಫೀಸು ಸಣ್ಣಮ್ಮ ತರಕಾರಿ ದುಡ್ಡಲ್ಲಿ ಕಟ್ಟಿದ್ಲು, ಎರಡ್ನೇದು ಎಲ್ಲಿಂದ ಕಟ್ಟೂದು?"

"ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ಬಾರ್ದು!"

"ಎಣಿಸ್ಬಾರ್ದು ಹೇಳಿದ್ದು ತಕಂಬವ್ರಿಗೆ. ಕೊಡುವವ್ರು ಎಣಿಸ್ಲೇಬೇಕು. ನಿಮ್ಮ ಮಾತು ನಂಬಿ ಸಣ್ಣಮ್ಮ ಬೇರೆ ಎಲ್ಲೂ ಕೇಳ್ಲಿಲ್ಲ, ಸ್ಕಾಲರ್‌ಶಿಪ್ಪಿಗೆ ಅರ್ಜಿನೂ ಹಾಕ್ಲಿಲ್ಲ. ಕೊಡೂದಿಲ್ಲ ಹೇಳಿದ್ರೆ ಅವ್ಳು ಬೇರೆ ದಾರಿ ನೋಡ್ತಿದ್ಲು. ಕೊಡ್ತೆ ಹೇಳಿ ಕೊಡದೇ ಇದ್ದದ್ದು ಅದಕ್ಕಿಂತ ಕೆಟ್ಟದ್ದಾತು."

ಇಷ್ಟೆಲ್ಲ ಕೇಳಿ ವನಮಾಲಾ ಅಂದದ್ದೇನು ಗೊತ್ತೇ? "ಇದು ಮಾಲಿನಿಗೆ ಗೊತ್ತಾ?"

ಹೇಮಾ ಮತ್ತೆ ಪುಸ್ತಕ ತೆರೆದಳು.

ಸಿಟ್ಟಿನಲ್ಲೇ ವನಮಾಲಾ ಗಜನಿಯ ಅಂಚಿಗೆ ನಡೆದಳು. ಅಲ್ಲಿ ಗಾಯತ್ರಿ ಕೊಡಪಾನದಿಂದ ಮರದ ಬುಡಕ್ಕೆ ನೀರು ಸುರಿಯುತ್ತಿದ್ದಳು. ಮೂರೂ ಬುಡಗಳಿಗೆ ಸೊಪ್ಪು, ಬೂದಿ ಬಿದ್ದಿತ್ತು.

"ಎಂತ ಮಾಡ್ತಿದ್ಯೇ ಇಲ್ಲಿ?"

"ಸಿಹಿನೀರು ಹಾಕ್ತಿದ್ದೆ ಅಮ್ಮ. ಉಪ್ಪು ಇಳಿದ್ರೆ ಕಾಯಿ ಹಿಡೀತದೆ ಹೇಳಿ ಶುಕ್ರಣ್ಣ ಹೇಳ್ದ. ಕಾಯಿ ಹಿಡಿದ್ರೆ ಮುಂದಿನ ವರ್ಷ ಕಾಲೇಜಿಗೆ ಹೋಗ್ತೆ."

ದೂರು ಇಲ್ಲ, ಅಳು ಇಲ್ಲ. ಅವಳು ಆ ಮರಗಳನ್ನು ನಿಜವಾಗಿ ನಂಬಿದ್ದಳು. ವನಮಾಲಾಳಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ಗಂಜಿ ಕುಡಿಸಿದ ಕೈಯಿಂದಲೇ ಅತ್ತೆಯ ಹೆಸರು ಹೇಳಿ ಗೊಡ್ಡು ಮರ ಕೊಟ್ಟಿದ್ದಳು.

"ಕೊಡಪಾನ ಕೆಳಗಿಡು ಮಗಾ. ನಾಳೆ ಅಮ್ಮನ ಕರ್ಕಂಡು ಹೇಮಕ್ಕನ ಹತ್ರ ಬಾ" ಎಂದಷ್ಟೇ ಹೇಳಿ ತಿರುಗಿದಳು.

ಅವತ್ತೇ ಶುಕ್ರನಿಗೆ ಹೇಳಿಕಳಿಸಿದಳು. ಬಾವಿಕಟ್ಟೆಯ ಮೂರು ಮರಗಳ ಗೊನೆ ಇಳಿಯಿತು. ವಿಶ್ವನಾಥ ಗಾಬರಿಯಾದ. "ಸಾರಿಗೆ ಎಂತ ಮಾಡೂದೇ?"

"ಅಂಗಡಿಂದ ಕಾಯಿ ತಕಂಡು ಬನ್ನಿ. ಇಲ್ಲಾಂದ್ರೆ ತಿಳಿಸಾರು ಉಣ್ಣಿ."

ಗಂಡ ಹೆಂಡತಿ ಇಬ್ಬರೂ ಹೇಮಾಳ ಎದುರು ಸಹಿ ಹಾಕಿದರು. ಹುಡುಗಿಯ ಓದು ಮುಗಿಯುವ ತನಕ ಆ ಮರಗಳು ಅವಳವು. ಸ್ಕಾಲರ್‌ಶಿಪ್ಪಿನ ಅರ್ಜಿಯನ್ನೂ ಹೇಮಾ ಅಲ್ಲೇ ತುಂಬಿಸಿದಳು. ಸೋಮವಾರ ಗಾಯತ್ರಿ ಬಸ್ಸು ಹತ್ತಿದಳು.

ಸುದ್ದಿ ಕೇಳಿ ಮಾಲಿನಿ ಬಂದಳು. ಬಾವಿಕಟ್ಟೆಯಲ್ಲಿ ನಿಂತು ಮರಗಳನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. "ಇಂಥಾ ಮರ ಬಿಡೂಕೆ ನಂಗೆ ಧೈರ್ಯ ಬರ್ಲಿಲ್ಲ ಮಾರಾಯ್ತಿ. ಈ ಸಲ ನಾನೂ ಒಂದು ಒಳ್ಳೇದು ಬಿಡ್ತೆ."

ಹಾಗಾದರೆ ಮಾಲಿನಿಯದೂ ಮೂರಾಯಿತು ಎಂದು ವನಮಾಲಾ ಆಗಲೇ ಬೆರಳು ಮಡಚಿ ಲೆಕ್ಕ ಹಾಕಿದಳು. ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಹೋಗುವ ಸಾಮಾನಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಪಕ್ಕದ ಮನೆಯವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆಯೇ? ಆಗಲಿ, ಅದನ್ನು ಈ ಕೆಲಸಕ್ಕೆ ಹಚ್ಚಿ. ಮನೆಯವರೆಲ್ಲ ಕೂತು ಮಾತಾಡಿ. ಒಂದು ಮರವೋ, ತಿಂಗಳಿಗೊಂದು ದಿನದ ಮೀನಿನ ಪಾಲೋ, ಗದ್ದೆಯ ಒಂದು ಮೂಲೆಯ ಬೆಳೆಯೋ, ನಿಮ್ಮ ಕೈಲಾದದ್ದು ಕೊಡಿ. ಕೊಡುವುದು ಫಲ ಬರುವಂಥದ್ದಾಗಿರಲಿ. ನಿಮ್ಮ ಮಾತು ನಂಬಿ ಒಬ್ಬ ಹುಡುಗಿ ಕಾಲೇಜಿನ ಮೆಟ್ಟಿಲು ಹತ್ತಿರುತ್ತಾಳೆ. ಅವಳನ್ನು ಅರ್ಧದಲ್ಲಿ ಇಳಿಸಬೇಡಿ.