ಬೈಗುಳದ ಟ್ರ್ಯಾಕು

ನಮ್ಮ ಯಜಮಾನರಿಗೆ ಕಾಯುವುದೆಂದರೆ ಆಗಿಬರದು. ಹೋಟೆಲಿನಲ್ಲಿ ದೋಸೆ ತಡವಾದರೆ ಎದ್ದು ಬರುವ ಮನುಷ್ಯ. ಅಂಥವರು ವಿಡಿಯೊ ಎಡಿಟ್ ಮಾಡುವ ಒಂದು ಸಾಫ್ಟ್‌ವೇರಿನ ಹೊಸ ವರ್ಷನ್ನಿಗಾಗಿ ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ಕಾಯುತ್ತಿದ್ದರು.

"ಇನ್ನೇನು ಬಂದೇಬಿಡತ್ತೆ ವಿಮಲಾ. ಹೊಸದ್ರಲ್ಲಿ ಎಷ್ಟು ತುಂಬಿದ್ರೂ ತಡ್ಕೊಳ್ಳತ್ತಂತೆ" ಎನ್ನುವುದು, ಯೂಟ್ಯೂಬಿನಲ್ಲಿ ಯಾವನೋ ಅದರ ಗುಣಗಾನ ಮಾಡುವುದನ್ನು ಬಾಯಿಬಿಟ್ಟುಕೊಂಡು ನೋಡುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋಮವಾರ ನನಗೆ ಥೈರಾಯ್ಡ್ ಆಪರೇಷನ್ನು. ಇವರ ಸಾಫ್ಟ್‌ವೇರು ಮಂಗಳವಾರ ಬಂದರೆ ನನಗೇನು ಬಂತು?

ವಿಷಯ ಇಷ್ಟೇ. ಹನುಮಂತನಗರದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತ ಒಂದಷ್ಟು ಹಾಡು ಕಲಿತಿದ್ದೆ. ಹಸೆಗೆ ಕರೆಯುವುದು, ಆರತಿ ಎತ್ತುವುದು, ಬೀಗರ ಕಾಲೆಳೆಯುವುದು. ಅವು ಈಗ ಉಳಿದಿರುವುದು ನನ್ನ ಗಂಟಲಲ್ಲಿ ಮಾತ್ರ. ಡಾಕ್ಟರು, "ಮಾತಿಗೆ ಸಾಮಾನ್ಯವಾಗಿ ಏನೂ ತೊಂದ್ರೆ ಆಗಲ್ಲ ಮೇಡಂ. ಹಾಡೋದಕ್ಕೆ ಮಾತ್ರ ಗ್ಯಾರಂಟಿ ಕೊಡಕ್ಕಾಗಲ್ಲ" ಎಂದಿದ್ದರು. ಅವತ್ತೇ ಯಜಮಾನರು ಮೊಬೈಲಿಗೊಂದು ಸ್ಟ್ಯಾಂಡು ಕೊಂಡು ತಂದು, ದಿನಾ ಬೆಳಿಗ್ಗೆ ನನ್ನನ್ನು ದೇವರಮನೆಯ ಮುಂದೆ ಕೂರಿಸಿ ಹಾಡಿಸತೊಡಗಿದರು. ಎಲ್ಲ ಹಾಡೂ ಸೇರಿ ಒಂದು ವಿಡಿಯೊ ಆಗಬೇಕು, ಸೋಮವಾರಕ್ಕೆ ಮೊದಲು ನಾನು ಕೇಳಬೇಕು, ಎಲ್ಲಾದರೂ ತಪ್ಪಿದ್ದರೆ ಗಂಟಲು ನೆಟ್ಟಗಿರುವಾಗಲೇ ತಿದ್ದಿ ಹಾಡಬೇಕು. ನನಗೆ ಹೆದರಿಕೆಯಾಗಿತ್ತು, ಮುಚ್ಚಿಡುವುದೇಕೆ?

ಆದರೆ ವಿಡಿಯೊ ಹೊರಗೇ ಬರುತ್ತಿರಲಿಲ್ಲ. ಎಕ್ಸ್‌ಪೋರ್ಟ್ ಒತ್ತಿದರೆ ಅರ್ಧದವರೆಗೆ ಹೋಗಿ ಗಕ್ಕನೆ ನಿಂತು, ಪರದೆ ಬಿಳಚಿಕೊಂಡು, ಸಾಫ್ಟ್‌ವೇರು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಯಜಮಾನರು ಕಂಪ್ಯೂಟರ್ ಆರಿಸಿ ಹಾಕಿದರು. ಸಾಫ್ಟ್‌ವೇರನ್ನು ಕಿತ್ತುಹಾಕಿ ಮತ್ತೆ ತುಂಬಿದರು. ಬಿಸಿಯಾಗಿರಬೇಕೆಂದು ನನ್ನ ಕೋಣೆಯ ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿಟ್ಟು, ನನ್ನನ್ನು ಸೆಕೆಯಲ್ಲಿ ಮಲಗಿಸಿದರು. ಕಂಪ್ಯೂಟರ್ ರಿಪೇರಿಯ ಮೌನೇಶ ಬಂದು, "ಮೆಷಿನ್ ಚೆನ್ನಾಗೇ ಇದೆ ಅಂಕಲ್. ನಿಮ್ಮ ವಿಡಿಯೊದಲ್ಲೇ ಏನೋ ಭಾರ ಜಾಸ್ತಿಯಾಗಿದೆ. ಬೇಡದ್ದೆಲ್ಲ ತೆಗೀರಿ" ಎಂದು ಕಾಫಿ ಕುಡಿದು ಹೋದ.

"ಬೇಡದ್ದು ಅಂತ ಅದ್ರಲ್ಲಿ ಯಾವ್ದೂ ಇಲ್ಲ" ಎಂದು ಇವರು ಮುಖ ಗಂಟಿಕ್ಕಿಕೊಂಡರು. ಮತ್ತೆ ಅದೇ ಜಪ, ಹೊಸ ವರ್ಷನ್ ಬರಲಿ, ಹೊಸ ವರ್ಷನ್ ಬರಲಿ.

ಶನಿವಾರ ನಾನೇ ಅಕ್ಕನ ಮಗಳು ಸಂಹಿತಾಗೆ ಫೋನ್ ಮಾಡಿದೆ. ಅರೆಕೆರೆಯಲ್ಲಿರುತ್ತಾಳೆ, ಜಾಹೀರಾತಿನ ವಿಡಿಯೊ ಎಡಿಟ್ ಮಾಡುವುದೇ ಅವಳ ಕೆಲಸ. ಬಂದವಳು ಹೆಲ್ಮೆಟ್ಟನ್ನು ಸೋಫಾದ ಮೇಲೆಸೆದು ನೇರ ಕಂಪ್ಯೂಟರ್ ಮುಂದೆ ಕೂತಳು. ಯಜಮಾನರು ಅವಳ ಬೆನ್ನಿಗೇ ನಿಂತು, "ನೋಡು, ಆದ್ರೆ ಏನೂ ಮುಟ್ಬೇಡ" ಎಂದರು. ಮುಟ್ಟದೆ ಸರಿಮಾಡಲು ಅವಳೇನು ಮಂತ್ರವಾದಿಯೇ?

"ಚಿಕ್ಕಪ್ಪ, ಇದೇನಿದು?" ಎಂದಳು ಸಂಹಿತಾ.

ಪರದೆಯ ಮೇಲೆ ಟ್ರ್ಯಾಕು ಎನ್ನುವ ಪಟ್ಟಿಗಳು, ಮೇಲಿನದರಲ್ಲಿ ನನ್ನ ಹಾಡುಗಳು ಸಾಲಾಗಿ ಕೂತಿದ್ದವು. ಅದರ ಕೆಳಗೊಂದು ಸಾಲು, ಅದರ ಕೆಳಗೆ ಮತ್ತೊಂದು, ನಮ್ಮನೆಯ ಅಟ್ಟದಲ್ಲಿ ತುರುಕಿದ ಹಾಗೆ ಬೇರೆ ತುಣುಕುಗಳು. "ಮ್ಯೂಟ್ ಮಾಡಿ ಹಾಡಿನ ಹಿಂದೆ ಬಚ್ಚಿಟ್ಟಿದ್ದೀರಾ? ಕಾಣಿಸದೇ ಇದ್ರೂ ಅಷ್ಟನ್ನೂ ಹೊತ್ಕೊಂಡೇ ಓಡ್ಬೇಕು ಪಾಪ ಇದು" ಎಂದು ಅವಳು ಒಂದನ್ನು ಒತ್ತಿದಳು.

ನನ್ನದೇ ಧ್ವನಿ. "ರೀ, ನಿಮ್ಮ ನೆರಳು ನನ್ಮೇಲೆ ಬೀಳ್ತಿದೆ, ಆಚೆ ಸರೀರಿ!" ಇನ್ನೊಂದು. "ಹಾಲು ಉಕ್ತಾ ಇದೆ, ಹೋಗಿ ಆರಿಸಿ ಅಂದ್ರೆ ವಿಡಿಯೊ ಹಿಡೀತಾ ನಿಂತಿದ್ದೀರಲ್ಲ!" ಸಾಲು ಮರೆತು ನಾನು ನಕ್ಕದ್ದು, ಕೆಮ್ಮಿದ್ದು, ಪಕ್ಕದ ಮನೆಯವರ ಮೇಲೆ ಚಾಡಿ ಹೇಳಿದ್ದು, ಎಲ್ಲವೂ ಇತ್ತು. ಹಾಡಿಗಿಂತ ಬೈಗುಳವೇ ಜಾಸ್ತಿ. ಸಂಹಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇದನ್ನೆಲ್ಲ ಯಾಕ್ರೀ ಇಟ್ಕೊಂಡಿದ್ದೀರಾ? ಬಿಸಾಕೋದಲ್ವಾ?" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಹಾಡು ಎಲ್ಲರಿಗೂ ವಿಮಲಾ. ನಾನು ದಿನಾ ಕೇಳೋದು ಇದನ್ನ. ಸೋಮವಾರದ ಮೇಲೆ ಹೇಗಿರತ್ತೋ ಯಾರಿಗ್ಗೊತ್ತು."

ಅಡುಗೆಮನೆಗೆ ಹೋಗಿ ತೊಳೆದಿಟ್ಟ ಸೌಟನ್ನೇ ಇನ್ನೊಮ್ಮೆ ತೊಳೆದೆ. ಇಂಥ ಗಂಡಸನ್ನು ಬೈಯುವುದಾದರೂ ಹೇಗೆ?

ಕಣ್ಣೊರೆಸಿಕೊಂಡು ಬರುವಾಗ ಸಂಹಿತಾ ತಾಳ್ಮೆಯಿಂದ ಹೇಳುತ್ತಿದ್ದಳು. "ಇಲ್ಲಿಂದ ತೆಗೆದ್ರೆ ಒರಿಜಿನಲ್ ಎಲ್ಲೂ ಹೋಗಲ್ಲ ಚಿಕ್ಕಪ್ಪ. ಮೊಬೈಲಿಂದ ಇಳಿಸಿದ ಫೋಲ್ಡರಲ್ಲಿ ಹಾಗೇ ಇರತ್ತೆ." ಇವರು ನಂಬಲಿಲ್ಲ. ಹಿಂದೊಮ್ಮೆ ಏನೋ ಒತ್ತಿ ನಮ್ಮ ಕಾಶಿಯಾತ್ರೆಯ ಫೋಟೊಗಳನ್ನೆಲ್ಲ ಗಂಗೆಯಲ್ಲೇ ಬಿಟ್ಟವರ ಹಾಗೆ ಕಳೆದುಕೊಂಡಿದ್ದರು. ಅಂದಿನಿಂದ ಡಿಲೀಟ್ ಎಂದರೆ ಬೆಚ್ಚುತ್ತಾರೆ. ಅವಳು ಒಂದು ತುಣುಕು ತೆಗೆದು, ಫೋಲ್ಡರ್ ತೆರೆದು, ಅದನ್ನೇ ಹಾಕಿ ಕೇಳಿಸಿದಳು. "ಇನ್ನೊಂದ್ಸಲ ತೋರಿಸು" ಎಂದರು. ಹಾಗೆ ಎಷ್ಟು ಸಲ ತೋರಿಸಿದಳೋ. ಕೊನೆಗೆ, "ಚಿಕ್ಕಮ್ಮನ ಬೈಗುಳಕ್ಕೇ ಬೇರೆ ಪ್ರಾಜೆಕ್ಟ್ ಮಾಡಿಟ್ಟಿದ್ದೀನಿ, ಸಾಕಾ?" ಎಂದಾಗ ಒಪ್ಪಿದರು.

ಹಳೆಯ ಸಾಫ್ಟ್‌ವೇರಿನಲ್ಲೇ ವಿಡಿಯೊ ಸಲೀಸಾಗಿ ಹೊರಬಂತು. ಕೂತು ಕೇಳಿದೆ. ಆರತಿ ಹಾಡಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಮತ್ತೆ ಹಾಡಿದೆ, ಅವಳು ಸೇರಿಸಿ ಕೊಟ್ಟು ಹೊರಟಳು.

ಅವಳು ಹೋದ ಮೇಲೂ ಯಜಮಾನರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೈಗುಳ ಕೇಳುತ್ತಲೇ ಇದ್ದರು.

"ಇನ್ನೇನು ಹುಡುಕ್ತಿದ್ದೀರಾ?"

"ಏನಿಲ್ಲ. ಇಷ್ಟೆಲ್ಲ ಇದೆ, ನೀನು ಒಂದ್ಸಲಾನೂ ನನ್ನ ಹೆಸರು ಹಿಡಿದು ಕರೆದಿಲ್ಲ ನೋಡು" ಎಂದರು. ದೂರುವ ಧ್ವನಿಯಲ್ಲ, ಸುಮ್ಮನೆ ಹೇಳಿದರು.

ನಿಜ. ಮದುವೆಯಾದಂದಿನಿಂದ ರೀ, ಏನೂಂದ್ರೆ, ಕೇಳಿಸ್ತಾ. ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳಿಕೊಟ್ಟಿದ್ದರು. ಹೊಸಿಲು ದಾಟುವಾಗ ಹೆಂಗಸರೆಲ್ಲ ತಡೆದು ಹೆಸರು ಹೇಳು ಎಂದಾಗಲೂ ಬಾಗಿಲಿಗಷ್ಟೇ ಕೇಳಿಸುವ ಹಾಗೆ ಗೊಣಗಿದ್ದೆ.

"ಮೊಬೈಲ್ ಸ್ಟ್ಯಾಂಡಿಗಿಡಿ" ಎಂದೆ.

ಇಟ್ಟರು. ಕೆಂಪು ಚುಕ್ಕೆ ಹೊತ್ತಿಕೊಂಡಿತು. ನಾನು ಗಂಟಲು ಸರಿಮಾಡಿಕೊಂಡೆ. ಯಾವ ಹಾಡಿಗೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

"ಸೀನು" ಎಂದೆ. ಸರಿಯಾಗಿ ಬರಲಿಲ್ಲ. ಜೋರಾಗಿ ಇನ್ನೊಮ್ಮೆ ಕರೆದೆ. "ಸೀನೂ, ಕಂಪ್ಯೂಟರ್ ಮುಚ್ಚಿ ಊಟಕ್ಕೆ ಬಾ. ಸಾರು ಆರಿಹೋಗ್ತಿದೆ."

"ಬಂದೆ" ಎಂದು ಅವರು ಹೇಳಿದ್ದೂ ಅದರಲ್ಲೇ ಇದೆ.