ಅಕ್ಕನ ಹೆಸರಿನ ಮನೆ

ಲಿಫ್ಟ್ ರಿಪೇರಿಯವನು ನೌಕರಿ ಬಿಟ್ಟು ಸ್ವಂತ ಅಂಗಡಿ ತೆರೆಯುವ ಮೊದಲು ಮಾಡಿದ ಕೆಲಸವೆಂದರೆ ಮನೆಯನ್ನು ಅಕ್ಕನ ಹೆಸರಿಗೆ ಬರೆದದ್ದು. ವಕೀಲರ ಸಲಹೆ ಅದು: ನಾಳೆ ಎಲ್ಲೋ ಲಿಫ್ಟ್ ಕೆಟ್ಟು ಕೇಸಾದರೆ ಅಂಗಡಿ ಹೋದರೂ ತಲೆಯ ಮೇಲಿನ ಸೂರು ಉಳಿಯಲಿ. ಮದುವೆಯಾಗದವನಿಗೆ ನಂಬಲು ಇನ್ಯಾರಿದ್ದಾರೆ? ಹೊಲಿಗೆ ಮಷಿನ್ ತುಳಿದು ಅವನನ್ನು ಸಾಕಿದವಳು ಅಕ್ಕ. ದಾನಪತ್ರಕ್ಕೆ ಸಹಿ ಹಾಕಿ ಬಂದವಳೇ ಮತ್ತೆ ಮಷಿನ್ ಮುಂದೆ ಕೂತಳು.

ಮುಂಜಾಗ್ರತೆ ಅಂದರೆ ಹೀಗಿರಬೇಕು ಎಂದು ಅವನು ಬೀಗಿದ. ಅದರಲ್ಲಿ ಕಾಲುಭಾಗವಾದರೂ ಲಿಫ್ಟಿನ ಹಗ್ಗದ ಮೇಲೆ ಇದ್ದಿದ್ದರೆ! ಮೂರು ವರ್ಷದ ನಂತರ, ಒಂದು ಕಟ್ಟಡದಲ್ಲಿ ಉಕ್ಕಿನ ಹಗ್ಗದ ಎಳೆ ಬಿಚ್ಚಿಕೊಂಡದ್ದನ್ನು ಕಣ್ಣಾರೆ ಕಂಡೂ, ಗ್ರೀಸ್ ಬಳಿದು, ತಪಾಸಣೆಯ ಕಾರ್ಡಿನಲ್ಲಿ ‘ಎಲ್ಲ ಸರಿ’ ಎಂದು ಬರೆದು ಬಂದ. ಹನ್ನೊಂದನೆಯ ದಿನ ಇಸ್ತ್ರಿ ಬಟ್ಟೆಯ ಗಂಟು ಹೊತ್ತ ಹೆಂಗಸೊಬ್ಬಳು ಆ ಲಿಫ್ಟ್ ಹತ್ತಿದಳು. ಹಗ್ಗ ಹರಿಯಿತು. ಆಸ್ಪತ್ರೆಯಲ್ಲಿ ಅವಳ ಎರಡೂ ಕಾಲು ತೆಗೆದರು.

ಕೋರ್ಟಿನಲ್ಲಿ ಪರಿಹಾರದ ಮಾತು ಬಂದಾಗ ಅವನು ಪ್ರಮಾಣ ಮಾಡಿ ಹೇಳಿದ: “ಅಂಗಡಿ ಬಾಡಿಗೆದು, ಸ್ವಾಮಿ. ನನ್ನದು ಅಂತ ಇರೋದು ನಾಲ್ಕು ಸ್ಪ್ಯಾನರು. ಮನೆ ಅಕ್ಕಂದು, ನಂಗೇನೂ ಹಕ್ಕಿಲ್ಲ. ಅವಳು ಇರು ಅಂದ್ರೆ ಇರ್ತೀನಿ.”

ಮನೆಯ ಕೂದಲೂ ಕೊಂಕಲಿಲ್ಲ. ವಕೀಲರು ಬೆನ್ನು ತಟ್ಟಿದರು. ಹಿಂದಿನ ಬೆಂಚಿನಲ್ಲಿದ್ದ ಅಕ್ಕ ಇಸ್ತ್ರಿಯವಳನ್ನೇ ನೋಡುತ್ತಿದ್ದಳು. ಗಾಲಿಕುರ್ಚಿಯ ಮೇಲೆ ಅವಳ ಸೀರೆ ಮಂಡಿಯ ಹತ್ತಿರವೇ ಮಡಚಿಕೊಂಡಿತ್ತು.

ವಾರದೊಳಗೆ ಅಕ್ಕ ಮನೆಯನ್ನು ಮಾರಾಟಕ್ಕಿಟ್ಟಳು. ಬಂದ ದುಡ್ಡೆಲ್ಲ ಇಸ್ತ್ರಿಯವಳಿಗೆ ಎಂದಳು.

“ಯಾರನ್ನ ಕೇಳಿ ಮಾರ್ತೀಯ? ಹೆಸರಿಗೆ ಮಾತ್ರ ನಿಂದು. ಮನೆ ನಂದು.”

“ಹಾಗಾದ್ರೆ ಕೋರ್ಟಿಗೆ ಹೋಗಿ ಹೇಳು, ಅವತ್ತು ಹೇಳಿದ್ದು ಸುಳ್ಳು ಅಂತ. ನಾಳೆನೇ ವಾಪಸ್ ಬರ್ಕೊಡ್ತೀನಿ. ಆಗ ಅವರೇ ಹರಾಜು ಹಾಕಿ ಅವಳಿಗೆ ಕೊಡ್ತಾರೆ.”

ನುಂಗಲಾರದ, ಉಗುಳಲಾರದ ಬಿಸಿ ತುಪ್ಪ. ಅವನಿಗೆ ಅಳು ಬಂತು. ಅದು ಇಸ್ತ್ರಿಯವಳಿಗಾಗಿ ಅಲ್ಲ, ತನಗಾಗಿ. ಅಕ್ಕನಿಗೂ ಅದು ತಿಳಿಯಿತು. ಚಿಕ್ಕಂದಿನಲ್ಲಿ ಅವನು ಅತ್ತರೆ ಸೆರಗಿನಿಂದ ಕಣ್ಣೊರೆಸುತ್ತಿದ್ದವಳು ಎದ್ದು ಒಳಗೆ ಹೋದಳು.

ಕೊಳ್ಳುವವರು ಟೇಪು ಹಿಡಿದು ಕೋಣೆ ಅಳೆಯಲು ಬಂದರು. ಗೋಡೆಗೆ ಅಂಟಿ ನಿಂತವನನ್ನು ಕಂಡು, “ಇವ್ರು?” ಎಂದರು.

“ನನ್ನ ತಮ್ಮ,” ಎಂದಳು ಅಕ್ಕ. “ಬಾಡಿಗೆಗೆ ಎಲ್ಲಾದ್ರೂ ರೂಮು ಇದ್ರೆ ಹೇಳಿ. ಎರಡು ಬೇಕು. ಬೇರೆ ಬೇರೆ ಕಡೆ.”