ಯಜಮಾನರೇ ಬಂದು ಹೇಳಲಿ

ಕುಕ್ಕರ್ ಕಂಪನಿ ನನ್ನ ತಮ್ಮನದು, ಅದರ ದೂರು ವಿಭಾಗ ನನ್ನದು. ಮೊದಲ ನಲವತ್ತು ಕುಕ್ಕರ್ ಮಾರಿದಾಗ ಅವನೇ ಮನೆಮನೆಗೆ ಹೋಗಿ ಗ್ಯಾಸ್ಕೆಟ್ ಕೂರಿಸಿಕೊಟ್ಟು, ಬೈದರೆ ಬೈಸಿಕೊಂಡು ಬರುತ್ತಿದ್ದ. ಈಗ ತನ್ನ ಬಾಯನ್ನು ಪ್ರಚಾರದವನಿಗೆ ಗುತ್ತಿಗೆ ಕೊಟ್ಟು ಕೂತಿದ್ದಾನೆ. ಬೈಸಿಕೊಳ್ಳುವುದು ಮಾತ್ರ ನನ್ನ ಪಾಲಿಗೆ ಬಂದಿದೆ.

ಅವತ್ತು ಬೆಳಿಗ್ಗೆ ಒಬ್ಬ ಹೆಂಗಸು ಬಂದು ನನ್ನೆದುರು ನಿಂತಳು. ಕಿವಿಯಿಂದ ಕತ್ತಿನವರೆಗೆ ಬ್ಯಾಂಡೇಜು. ಆವಿ ಇಳಿಯುವ ಮೊದಲೇ ನಮ್ಮ ಕುಕ್ಕರಿನ ಮುಚ್ಚಳ ತಾನಾಗಿ ಬಿಚ್ಚಿಕೊಂಡು, ಒಳಗೆ ಕುದಿಯುತ್ತಿದ್ದದ್ದೆಲ್ಲ ಅವಳ ಮೇಲೆ ಹಾರಿತ್ತು.

"ಜಗಳಕ್ಕೆ ಬಂದಿಲ್ಲಮ್ಮ. ಯಜಮಾನ್ರನ್ನ ಒಂದೇ ಒಂದು ಮಾತು ಕೇಳ್ಬೇಕು."

ಇಂಥವರಿಗೆ ಓದಿ ಹೇಳಲು ನನಗೊಂದು ಚೀಟಿ ಕೊಟ್ಟಿದ್ದರು. 'ಗ್ರಾಹಕರ ಸುರಕ್ಷತೆಯೇ ನಮ್ಮ ಉಸಿರು. ಘಟನೆ ಪರಿಶೀಲನೆಯಲ್ಲಿದೆ.' ಉಸಿರಂತೆ ಉಸಿರು! ಫೋನಿನಲ್ಲಿ ಎಷ್ಟು ಜನಕ್ಕೆ ಓದಿದ್ದೇನೋ ಲೆಕ್ಕವಿಲ್ಲ. ಅವಳ ಮುಖ ನೋಡಿಕೊಂಡು ಓದಲು ನಾಲಿಗೆ ಹೊರಳಲಿಲ್ಲ.

ತಮ್ಮನ ಕೋಣೆಗೆ ನುಗ್ಗಿದೆ. ಪತ್ರಿಕೆಗೆ ಕೊಡುವ ಹೇಳಿಕೆಯಲ್ಲಿ 'ವಿಷಾದ' ಎನ್ನಬೇಕೋ 'ಕಳವಳ' ಎನ್ನಬೇಕೋ ಎಂದು ಪ್ರಚಾರದವನು ಅವನ ಪಕ್ಕ ಕೂತು ಅಳೆದು ತೂಗುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಹೊರಗೆ ಬಂದು ಅವಳ ಹತ್ರ ಮಾತಾಡು."

"ಅಕ್ಕಾ, ನಾನು ಬಾಯಿಬಿಟ್ರೆ ಕೇಸಾಗುತ್ತೆ. ನೀನೇ ಏನಾದ್ರೂ ಹೇಳಿ ಕಳಿಸು."

"ಡಬ್ಬದ ಮೇಲೆ ಹಲ್ಲು ಕಿಸಿದುಕೊಂಡು ನಿಂತಿರೋದು ನಿನ್ನ ಮುಖ ಕಣೋ, ನನ್ನದಲ್ಲ. ಇವತ್ತೂ ಅಂಗಡೀಲಿ ಅದೇ ಮುಚ್ಚಳ ಮಾರ್ತಿದ್ದಾರೆ. ನೀನೇ ಎದುರಿಗೆ ನಿಂತು ಹೇಳಿದ್ರೆ ಜನ ಆ ಕುಕ್ಕರ್ ಇಟ್ಟ ಒಲೆ ಆರಿಸ್ತಾರೆ. ಈ ಚೀಟಿ ಕೇಳಿ ಯಾರು ಆರಿಸ್ತಾರೆ?"

"ಮೇಡಂ, ಸರ್ ಮಾತಾಡೋದು ಬೇಡ," ಎಂದು ಪ್ರಚಾರದವನು ನಯವಾಗಿ ಅಡ್ಡ ಬಂದ.

"ನೀನು ಸುಮ್ಮನಿರಪ್ಪ. ಇದು ಅಕ್ಕ ತಮ್ಮನ ಮಾತು."

ತಮ್ಮ ಎದ್ದ. ಚಿಕ್ಕಂದಿನಲ್ಲೂ ಅಷ್ಟೇ, ನಾನು ಬಾಗಿಲಿಗೆ ಅಡ್ಡ ನಿಂತರೆ ತಲೆ ತಪ್ಪಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಹೊರಗೆ ಬಂದವನೇ 'ಗ್ರಾಹಕರ ಸುರಕ್ಷತೆಯೇ' ಎಂದು ಶುರುಮಾಡಿದ. ಅವಳು ಕೈ ಎತ್ತಿ ತಡೆದಳು.

"ಮುಚ್ಚಳದ ತೊಂದ್ರೆ ನಿಮಗೆ ಯಾವಾಗ ಗೊತ್ತಾಯ್ತು? ಅಷ್ಟು ಹೇಳಿ, ಸಾಕು."

ಅವನು ನನ್ನ ಕಡೆ ನೋಡಿದ. ನಾನು ಗದ್ದ ಎತ್ತಿ ಅವಳನ್ನೇ ತೋರಿಸಿದೆ.

"ಮಾರ್ಚ್‌ನಲ್ಲಿ," ಅಂದ. "ಹನ್ನೊಂದು ದೂರು ಬಂದಿತ್ತು. ಮಾರೋದು ನಿಲ್ಲಿಸ್ಬೇಕಿತ್ತು. ನಿಲ್ಲಿಸ್ಲಿಲ್ಲ. ತಪ್ಪು ನಂದು."

"ನಾನು ತಗೊಂಡಿದ್ದು ಜೂನ್‌ನಲ್ಲಿ," ಅಂದಳು ಅವಳು. "ಏನೇನೋ ಸುದ್ದಿ ಕೇಳಿದ್ದೆ, ಅದಕ್ಕೇ ತಗೊಳ್ಳೋ ಮುಂಚೆ ಇಲ್ಲಿಗೆ ಫೋನ್ ಮಾಡಿದ್ದೆ. ಯಾರೋ ಹೆಂಗಸು, ಧೈರ್ಯವಾಗಿ ತಗೊಳ್ಳಿ ಅಂದ್ರು."

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಆ ಹನ್ನೊಂದು ದೂರುಗಳನ್ನೂ ಬರೆದುಕೊಂಡವಳು ನಾನು.

"ಆ ಹೆಂಗಸು ನಾನೇ ಕಣಮ್ಮ," ಅಂದೆ.

ತಮ್ಮ ನನ್ನ ಪರವಾಗಿ ಏನೋ ಹೇಳಲು ಬಾಯಿ ತೆರೆದ. ಸುಮ್ಮನಿರು ಎಂದೆ.